ಎರಡೂವರೆ ಸಾವಿರವೋ ಹತ್ತು ಸಾವಿರವೋ: ಒಂದು ಮಗುವಿನ ಮುಂದಿನ ಆರೈಕೆಯ ಲೆಕ್ಕ

2007ರ ಅಕ್ಟೋಬರ್. ಹರಿಯಾಣದ ಪ್ರಕರಣ. 12 ವರ್ಷದ ಹುಡುಗಿ ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಳು. ಲಾರಿಯೊಂದು ಬಂದು ಗುದ್ದಿತು. ಜೀವ ಉಳಿಯಿತು, ಮಿದುಳಿಗೆ ಬಿದ್ದ ಪೆಟ್ಟು ಮಾತ್ರ ವಾಸಿಯಾಗುವಂಥದ್ದಾಗಿರಲಿಲ್ಲ. ಚಂಡೀಗಢದ ಪಿಜಿಐ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟದ್ದು ಇಷ್ಟು: ಅವಳ ಓರಗೆಯ ಮಕ್ಕಳಿಗೆ ಹೋಲಿಸಿದರೆ ಬುದ್ಧಿಮತ್ತೆ ಶೇ 20ಕ್ಕಿಂತ ಕಡಿಮೆ, ಸಾಮಾಜಿಕ ವಯಸ್ಸು ಒಂಬತ್ತು ತಿಂಗಳ ಕೂಸಿನದು, ಕೈಕಾಲು ನಾಲ್ಕರಲ್ಲೂ ತೀವ್ರ ನಿಶ್ಶಕ್ತಿ, ಹಿಸ್ಟೀರಿಯಾ, ಮೂತ್ರದ ಮೇಲೆ ಹಿಡಿತವಿಲ್ಲ. ಅಂಗವೈಕಲ್ಯ ಶೇ 100.

ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ 11,08,501 ರೂಪಾಯಿ ಕೊಟ್ಟಿತು. ಹೈಕೋರ್ಟ್ ಅದಕ್ಕೆ 14,70,000 ಸೇರಿಸಿ 25,78,501ಕ್ಕೆ ಏರಿಸಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ದೀಪಕ್ ಗುಪ್ತಾ ಅವರ ಪೀಠ 62,27,000 ರೂಪಾಯಿಗೆ ತಂದು ನಿಲ್ಲಿಸಿತು. ಅದೇ ಮಗು, ಅದೇ ಗಾಯ, ಅದೇ ವೈದ್ಯಕೀಯ ವರದಿ. ಅಪಘಾತ ಯಾರ ತಪ್ಪು ಎಂಬ ಬಗ್ಗೆಯೂ ಮೇಲಿನ ಕೋರ್ಟುಗಳು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಹಾಗಿದ್ದರೆ 11 ಲಕ್ಷ 62 ಲಕ್ಷವಾದದ್ದು ಎಲ್ಲಿ?

ಇಂಥ ಮೋಟಾರು ವಾಹನ ಅಪಘಾತ ಪರಿಹಾರದ (ಎಂ.ವಿ.ಸಿ.) ಪ್ರಕರಣ ನಡೆಸುವವರ ನಡುವೆ ಈ ತೀರ್ಪಿನ ಮಾತು ಬಂದಾಗಲೆಲ್ಲ ‘ಆರೈಕೆಗೂ ಗುಣಕ ಹಾಕಬೇಕು ಅಂತ ಹೇಳಿದ ತೀರ್ಪು’ ಎಂದೇ ಅದರ ಗುರುತು (ಗುಣಕವೆಂದರೆ ಇಡಿಗಂಟು ಎಷ್ಟೆಂದು ತಿಳಿಯಲು ಒಂದು ವರ್ಷದ ಮೊತ್ತವನ್ನು ಗುಣಿಸುವ ಅಂಕಿ). ಅದು ನಿಜವೇ. ಆದರೆ ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡು ಕೂಡಿ ಕಳೆದು ನೋಡಿದರೆ ಬೇರೆಯದೇ ಒಂದು ಸಂಗತಿ ಕಾಣುತ್ತದೆ. ಮೊತ್ತವನ್ನು ಮೇಲೆತ್ತಿದ್ದು ಗುಣಕವಲ್ಲ. ಹರಿಯಾಣ ಸರ್ಕಾರದ ಕನಿಷ್ಠ ವೇತನದ ಒಂದು ಅಧಿಸೂಚನೆ.

ಮೊದಲು ಹಾಳೆಯನ್ನೇ ನೋಡಿಬಿಡೋಣ. ಔಷಧ, ಆಸ್ಪತ್ರೆ, ಓಡಾಟದ ಬಾಬ್ತು 2,50,000. ಮಗು ಆಸ್ಪತ್ರೆಯಲ್ಲಿದ್ದಾಗ ಅಪ್ಪ ಅಮ್ಮ ಕಳೆದುಕೊಂಡ ದುಡಿಮೆಗೆ 51,000. ಮಗುವಿನ ಭವಿಷ್ಯದ ಆದಾಯ ನಷ್ಟ 14,66,000. ಆರೈಕೆ ಮಾಡುವವರ ಸಂಬಳ 21,60,000. ನೋವು, ಯಾತನೆ, ಬದುಕಿನ ಸುಖ ಕಳೆದುಕೊಂಡದ್ದಕ್ಕೆ 15,00,000. ಮದುವೆಯ ಅವಕಾಶ ತಪ್ಪಿದ್ದಕ್ಕೆ 3,00,000. ಮುಂದಿನ ವೈದ್ಯಕೀಯ ಖರ್ಚು 5,00,000. ಕೂಡಿದರೆ ಸರಿಯಾಗಿ 62,27,000. ಅರ್ಜಿ ಹಾಕಿದ ದಿನದಿಂದ ಹಣ ಕೊಡುವ ದಿನದವರೆಗೆ ವರ್ಷಕ್ಕೆ ಶೇ 7.5 ಬಡ್ಡಿ ಬೇರೆ.

ಇವುಗಳಲ್ಲಿ ದೊಡ್ಡ ಬಾಬ್ತು ಆರೈಕೆಯದು. ಜಗಳವೂ ಅಲ್ಲೇ.

ಹೈಕೋರ್ಟ್ ಆರೈಕೆಗೆಂದು ತಿಂಗಳಿಗೆ 2,500 ರೂಪಾಯಿ ಹಿಡಿದು, ಅದನ್ನು 44 ವರ್ಷಕ್ಕೆ ಗುಣಿಸಿ 13,20,000 ಕೊಟ್ಟಿತ್ತು. ಮೇಲ್ನೋಟಕ್ಕೆ ಉದಾರವಾದ ಲೆಕ್ಕ. ವರ್ಷಗಳನ್ನು ಎಣಿಸಿದ್ದಾರೆ, ಒಂದನ್ನೂ ಬಿಟ್ಟಿಲ್ಲ. ಸುಪ್ರೀಂ ಕೋರ್ಟ್ ಈ ಪದ್ಧತಿಯೇ ಸರಿಯಲ್ಲ ಎಂದಿತು. ಹಣವನ್ನು ತಿಂಗಳು ತಿಂಗಳು ಕೊಡುತ್ತಿಲ್ಲ, ಒಮ್ಮೆಗೇ ಇಡಿಗಂಟಾಗಿ ಕೊಡುತ್ತಿದ್ದೇವೆ. ಕೈಗೆ ಬಂದ ಗಂಟು ಬ್ಯಾಂಕಿನಲ್ಲಿ ಕೂತು ಬಡ್ಡಿ ದುಡಿಯುತ್ತದೆ. ಇನ್ನೊಂದು ಕಡೆ ಬೆಲೆ ಏರುತ್ತದೆ, ಆಯುಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಇವೆಲ್ಲವನ್ನೂ ತೂಗಿ ನೋಡಿ ಬಂದದ್ದೇ ಗುಣಕ. ಆದಾಯ ನಷ್ಟಕ್ಕೆ ಗುಣಕ ಹಾಕುವುದಾದರೆ ಆರೈಕೆಯ ಖರ್ಚಿಗೂ ಅದನ್ನೇ ಹಾಕಬೇಕು. ಇದು ಪೀಠದ ವಾದ. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ ಅತಿ ದೊಡ್ಡ ಗುಣಕ 18. ಈ ಹುಡುಗಿಗೆ ಅದನ್ನೇ ಕೊಟ್ಟರು.

ಇಲ್ಲೊಂದು ಕ್ಷಣ ನಿಲ್ಲಬೇಕು. ಪೀಠ ಪದ್ಧತಿಯನ್ನಷ್ಟೇ ತಿದ್ದಿ, ಹೈಕೋರ್ಟಿನ 2,500 ರೂಪಾಯಿಯನ್ನು ಮುಟ್ಟದೆ ಬಿಟ್ಟಿದ್ದರೆ ಏನಾಗುತ್ತಿತ್ತು? 2,500 ರೂಪಾಯಿ, 12 ತಿಂಗಳು, 18ರ ಗುಣಕ. ಒಟ್ಟು 5,40,000. ಅಂದರೆ ಗೆದ್ದು ಬಂದ ಮೇಲ್ಮನವಿಯಲ್ಲಿ ಮಗು 7,80,000 ರೂಪಾಯಿ ಕಳೆದುಕೊಳ್ಳುತ್ತಿತ್ತು! 44 ಎಂಬ ಅಂಕಿ 18ಕ್ಕೆ ಇಳಿದದ್ದು ಅರ್ಜಿದಾರರ ಪಾಲಿಗೆ ಲಾಭವಲ್ಲ, ನಷ್ಟ. ಆ ನಷ್ಟವನ್ನು ತುಂಬಿ, ಮೇಲೆ 8 ಲಕ್ಷ 40 ಸಾವಿರ ಸೇರಿಸಿದ್ದು ತಿಂಗಳ ಮೂಲ ಅಂಕಿ. ಅದು 2,500ರಿಂದ 10,000ಕ್ಕೆ ಹೋಯಿತು.

ಹೇಗೆ ಹೋಯಿತು ಎಂಬುದು ತೀರ್ಪಿನ ಅತ್ಯಂತ ಮನುಷ್ಯ ಸಹಜವಾದ ಭಾಗ. ಪೀಠ ಮಗುವಿನ ದಿನಚರಿಯೊಳಗೆ ಇಳಿಯುತ್ತದೆ. ಮಲಮೂತ್ರದ ಹಿಡಿತ ಅವಳಿಗಿಲ್ಲ. ಬೆಳೆದ ಮೇಲೆ ತಿಂಗಳ ಮುಟ್ಟನ್ನೂ ತಾನೇ ನೋಡಿಕೊಳ್ಳಲಾರಳು. ಆರೈಕೆ ಮಾಡುವವರು ನರ್ಸಿಂಗ್ ಕಲಿತಿರಬೇಕೆಂದೇನೂ ಇಲ್ಲ, ಆದರೆ ಹಾಸಿಗೆ ಹಿಡಿದ ಮಗುವನ್ನು ಎತ್ತಲು, ಹೊರಳಿಸಲು, ಹಾಸಿಗೆ ಹುಣ್ಣು ಆಗದ ಹಾಗೆ ಕಾಯಲು ಬರಬೇಕು. ಅದೂ ಹೆಚ್ಚುಕಡಿಮೆ ದಿನದ 24 ಗಂಟೆ. ಇಷ್ಟು ಹೇಳಿದ ಮೇಲೆ ಎರಡೂವರೆ ಸಾವಿರ ಎಂಬ ಅಂಕಿ ತಾನಾಗಿಯೇ ಬಿದ್ದುಹೋಗುತ್ತದೆ.

ಅದರ ಜಾಗಕ್ಕೆ ಇನ್ನೊಂದು ಅಂಕಿ ಬೇಕಲ್ಲ. ಆಗ ಕೈಗೆ ಸಿಕ್ಕಿದ್ದು 2010ರ ಆ ಅಧಿಸೂಚನೆ. ಕುಶಲ ಕೆಲಸಗಾರರಿಗೆ ತಿಂಗಳಿಗೆ 4,846 ರೂಪಾಯಿ ಎಂದು ಅದರಲ್ಲಿತ್ತು. ಅದನ್ನು ದುಂಡಾಗಿಸಿ ಒಬ್ಬರಿಗೆ 5,000 ಎಂದರು. ಇಬ್ಬರು ಬೇಕು ಎಂದರು. ತಿಂಗಳಿಗೆ 10,000, ವರ್ಷಕ್ಕೆ 1,20,000, 18ರಿಂದ ಗುಣಿಸಿದರೆ 21,60,000.

ಅದೇ ಅಧಿಸೂಚನೆ ಇನ್ನೊಂದು ಕಡೆಯೂ ಕೆಲಸ ಮಾಡಿತು. ಮಗುವಿನ ಆದಾಯ ನಷ್ಟಕ್ಕೆ ಕೆಳಗಿನ ಎರಡೂ ಕಡೆ ವರ್ಷಕ್ಕೆ 15,000 ರೂಪಾಯಿಯ ಕಾಲ್ಪನಿಕ ಆದಾಯ ಹಿಡಿದಿದ್ದರು. ದುಡಿಮೆಯಿಲ್ಲದವರಿಗೆಂದು 1994ರಲ್ಲಿ ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿಗೆ ಸೇರಿದ್ದ ಹಳೇ ಅಂಕಿ ಅದು. ಈ ಹುಡುಗಿ ಓದಿ ದೊಡ್ಡವಳಾಗಿ ವರ್ಷಕ್ಕೆ 15,000ಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತಿದ್ದಳು ಎಂದು ಪೀಠ ಅದನ್ನು ಪಕ್ಕಕ್ಕಿಟ್ಟಿತು. 4,846ಕ್ಕೆ ಮುಂದಿನ ಏರಿಕೆಯೆಂದು ಶೇ 40 ಸೇರಿಸಿ 6,784.40, ಅದನ್ನು 12ರಿಂದಲೂ 18ರಿಂದಲೂ ಗುಣಿಸಿ 14,65,430.40, ದುಂಡಾಗಿಸಿ 14,66,000.

ಈಗ ಎರಡನ್ನೂ ಕೂಡಿ. 36,26,000. ಒಟ್ಟು ಪರಿಹಾರದಲ್ಲಿ ಶೇ 58ರಷ್ಟು ಒಂದೇ ಒಂದು ಸರ್ಕಾರಿ ಕಾಗದದ ಮೇಲೆ ನಿಂತಿದೆ. ತಜ್ಞರ ಸಾಕ್ಷ್ಯವಲ್ಲ, ಆರೈಕೆ ಯೋಜನೆಯ ವರದಿಯಲ್ಲ. ಗೆಜೆಟ್ ಹುಡುಕಿದರೆ ಯಾರಿಗೂ ಸಿಗುವ ಕಾಗದ. ಸುಪ್ರೀಂ ಕೋರ್ಟಿನ ಮುಂದೆ ಇಟ್ಟ ಈ ಕಾಗದವನ್ನು ಮೊದಲ ದಿನವೇ ನ್ಯಾಯಮಂಡಳಿಯಲ್ಲಿ ನಿಶಾನೆ ಮಾಡಿಸಿ ದಾಖಲೆಗೆ ಸೇರಿಸಿದ್ದರೆ ಎಂದು ಅನ್ನಿಸದೆ ಇರದು. ಅಪಘಾತದಿಂದ ಅಂತಿಮ ತೀರ್ಪಿನವರೆಗೆ ಹನ್ನೆರಡು ವರ್ಷ ಕಳೆದಿತ್ತು. ಅಷ್ಟೂ ವರ್ಷ ಮಗುವನ್ನು ಯಾರೋ ಹೊರಳಿಸುತ್ತಲೇ ಇದ್ದರು.

ನ್ಯಾಯಮಂಡಳಿಗಳಲ್ಲಿ ಆರೈಕೆಯ ಬಾಬ್ತು ಹೇಗೆ ಸೊರಗುತ್ತದೆ ಎಂದು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ತಾಯಿ ಸಾಕ್ಷಿಕಟ್ಟೆಗೆ ಬರುತ್ತಾಳೆ. ವಿಮಾ ಕಂಪನಿಯ ವಕೀಲರ ಪಾಟಿ ಸವಾಲು ಒಂದೇ ಸಾಲಿನದು: ‘ಮಗುವನ್ನು ನೀವೇ ನೋಡಿಕೊಳ್ಳುತ್ತಿದ್ದೀರಿ, ಸಂಬಳಕ್ಕೆ ಯಾರನ್ನೂ ಇಟ್ಟುಕೊಂಡಿಲ್ಲ, ಸರಿ ತಾನೇ?’ ಅವಳು ‘ಹೌದು’ ಎನ್ನುತ್ತಾಳೆ. ಸುಳ್ಳು ಹೇಳಲು ಅವಳಿಗೆ ಕಾರಣವೂ ಇಲ್ಲ. ಆ ‘ಹೌದು’ ಎಂಬುದನ್ನು ಖರ್ಚೇ ಇಲ್ಲ ಎಂದು ಓದಿಬಿಡುವ ಅಭ್ಯಾಸ ನಮ್ಮಲ್ಲಿದೆ. ಈ ತೀರ್ಪು ಅದನ್ನು ನೇರವಾಗಿ ಚರ್ಚಿಸುವುದಿಲ್ಲ, ಆದರೆ ಲೆಕ್ಕ ಹಾಕಿದ ರೀತಿಯಲ್ಲೇ ಉತ್ತರ ಕೊಟ್ಟಿದೆ. ಸಂಬಳದ ರಸೀದಿ ಕೇಳಲಿಲ್ಲ. ಮಗುವಿಗೆ ಏನು ಬೇಕು ಎಂದು ಕೇಳಿತು, ಆ ಕೆಲಸಕ್ಕೆ ಪೇಟೆಯಲ್ಲಿ ಕನಿಷ್ಠ ಎಷ್ಟು ಕೊಡಬೇಕು ಎಂದು ಕೇಳಿತು.

ಹಾಗಂತ ಲೆಕ್ಕ ತುಂಬಿಬಂತು ಎನ್ನಲಾರೆ. ಮೂರು ಕಡೆ ಅದು ಬಿರುಕು ಬಿಟ್ಟಿದೆ.

24 ಗಂಟೆ ಎಂದವರು ಇಬ್ಬರು ಎಂದರು. ವಾರಕ್ಕೆ 168 ಗಂಟೆ. ಇಬ್ಬರೇ ಹಂಚಿಕೊಂಡರೆ ತಲಾ 84. ಕನಿಷ್ಠ ವೇತನದ ಅಧಿಸೂಚನೆಯ ಹಿಂದಿರುವ ವಾರದ ದುಡಿಮೆ 48 ಗಂಟೆಯದು; ಆ ಲೆಕ್ಕದಲ್ಲಿ ಮೂರೂವರೆ ಜನ ಬೇಕು. ಇಬ್ಬರು 48ರ ಹಾಗೆ ದುಡಿದರೆ 96 ಗಂಟೆ ಮುಗಿಯುತ್ತದೆ, ಉಳಿದ 72 ಗಂಟೆ ಯಾರದು? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಆಸ್ಪತ್ರೆಯಲ್ಲಿ ಹೇಳಿ ಕಳಿಸುವ ಮೊದಲ ಪಾಠ. ರಾತ್ರಿ ಹತ್ತಕ್ಕೆ ಬಲ ಮಗ್ಗುಲು, ಹನ್ನೆರಡಕ್ಕೆ ಬೆನ್ನು, ಎರಡಕ್ಕೆ ಎಡ ಮಗ್ಗುಲು, ನಾಲ್ಕಕ್ಕೆ ಮತ್ತೆ ಬಲ. ನಡುವೆ ಒದ್ದೆಯಾದ ಬಟ್ಟೆ ಬದಲಿಸಬೇಕು, ಸೊಂಟದ ಹಿಂಬದಿ, ಹಿಮ್ಮಡಿ, ಭುಜದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ಬೆಳಕು ಹಾಕಿ ನೋಡಬೇಕು. ಹನ್ನೆರಡು ವರ್ಷದ ಮೈಯನ್ನು ಒಬ್ಬರು ಹೊರಳಿಸಬಹುದು. ಇಪ್ಪತ್ತೈದರ ಮೈಗೆ ಇಬ್ಬರು ಬೇಕು. ಆ 72 ಗಂಟೆ ತಾಯಿಯದು. ಹಾಳೆಯಲ್ಲಿ ಅವಳಿಗೆಂದು ಇರುವುದು ಗಂಡನೊಂದಿಗೆ ಹಂಚಿಕೊಂಡ 51,000 ರೂಪಾಯಿ, ಅದೂ ಆಸ್ಪತ್ರೆಯಲ್ಲಿ ಕಳೆದ 51 ದಿನಗಳ ಬಾಬ್ತು.

ಎರಡನೆಯದು ಕಣ್ಣಿಗೆ ಕಂಡೂ ಕಾಣದ ಹಾಗಿದೆ. ಮಗುವಿನ ಆದಾಯಕ್ಕೆ ಹಿಡಿದ 4,846ಕ್ಕೆ ಶೇ 40 ಸೇರಿಸಿದರು. ಸಂಬಳ ವರ್ಷದಿಂದ ವರ್ಷಕ್ಕೆ ಏರುತ್ತದೆ ಎಂಬುದೇ ಅದಕ್ಕೆ ಕಾರಣ. ಅದೇ ಕಾಗದದಿಂದ ತೆಗೆದ ಆರೈಕೆದಾರರ ಸಂಬಳಕ್ಕೆ ಆ ಶೇ 40 ಇಲ್ಲ. ಒಂದೇ ಅಧಿಸೂಚನೆಯ ಒಂದೇ ಸಾಲು: ಮಗು ದುಡಿಯುವುದಾದರೆ ಏರುತ್ತದೆ, ಮಗುವಿಗಾಗಿ ದುಡಿಯುವುದಾದರೆ ನಿಂತಲ್ಲೇ ನಿಲ್ಲುತ್ತದೆ. ಸೇರಿಸಿದ್ದರೆ 21,60,000 ಎಂಬುದು 30,24,000 ಆಗುತ್ತಿತ್ತು. ಈ ವಾದವನ್ನು ಮುಂದಿನ ಯಾವುದಾದರೂ ಪ್ರಕರಣದಲ್ಲಿ ಯಾರಾದರೂ ಗಟ್ಟಿಯಾಗಿ ಎತ್ತಬೇಕು ಎಂಬುದು ನನ್ನ ಆಸೆ.

ಮೂರನೆಯದು ಗುಣಕದ್ದೇ. 18ರಿಂದ ಗುಣಿಸಿದ ಗಂಟು 44 ವರ್ಷ ಬಾಳುತ್ತದೆಯೇ? ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. 21,60,000ವನ್ನು ಶೇ 7.5ರ ಠೇವಣಿಯಲ್ಲಿಟ್ಟರೆ ಮೊದಲ ವರ್ಷ ಬಡ್ಡಿಯೇ 1,62,000, ಖರ್ಚು 1,20,000. ಮಿಗುತ್ತದೆ. ಇದನ್ನೇ ತೋರಿಸಿ ವಿಮಾ ಕಂಪನಿಯವರು ‘ಅಸಲು ಹಾಗೇ ಉಳಿಯುತ್ತದಲ್ಲ’ ಎನ್ನುವುದು ರೂಢಿ. ಆದರೆ ಸಂಬಳ ನಿಂತಲ್ಲಿ ನಿಲ್ಲುವುದಿಲ್ಲ. ಅದು ವರ್ಷಕ್ಕೆ ಶೇ 4ರಂತೆ ಏರಿದರೆ ಗಂಟು ಸುಮಾರು 28 ವರ್ಷಕ್ಕೆ ಖಾಲಿ. ಶೇ 6ರಂತೆ ಏರಿದರೆ 21 ವರ್ಷಕ್ಕೆ. ಠೇವಣಿ ಬಡ್ಡಿ ಇಳಿದರೆ ಇನ್ನೂ ಬೇಗ. 18ರ ಗುಣಕ 44 ವರ್ಷ ಎಳೆಯಬೇಕಾದರೆ ಸಂಬಳದ ಏರಿಕೆಯನ್ನು ಕಳೆದು ಶೇ 5ರ ಹತ್ತಿರ ನಿಜವಾದ ಬಡ್ಡಿ, ಅದೂ 44 ವರ್ಷ ಬಿಡದೆ ಸಿಗಬೇಕು. ಅಂಥ ಠೇವಣಿಯನ್ನು ನಾನಂತೂ ನೋಡಿಲ್ಲ. ಗುಣಕದ ಕೋಷ್ಟಕ ಹುಟ್ಟಿದ್ದು ಮನೆಯ ದುಡಿಯುವವರು ಸತ್ತಾಗ ಅವಲಂಬಿತರಿಗೆ ಕೊಡುವ ಪರಿಹಾರಕ್ಕೆ. ದುಡಿಮೆ ಒಂದು ವಯಸ್ಸಿಗೆ ನಿಲ್ಲುತ್ತದೆ. ಆರೈಕೆ ನಿಲ್ಲುವುದಿಲ್ಲ, ವಯಸ್ಸಾದಂತೆ ಹೆಚ್ಚುತ್ತದೆ.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಹಿಡಿದ ದಾರಿ ಬೇರೆ. ಇಡಿಗಂಟು ಮುಂದೆ ಬಡ್ಡಿ ದುಡಿಯುತ್ತದೆಂದು ಮೊದಲೇ ಕಳೆಯಬೇಕಾದ ದರವನ್ನು ಅಲ್ಲಿ ಸರ್ಕಾರವೇ ಗೊತ್ತುಮಾಡುತ್ತದೆ; ದರ ಇಳಿದಷ್ಟೂ ಗುಣಕ ದೊಡ್ಡದು. 2019ರಲ್ಲಿ ಅದು ಸೊನ್ನೆಗಿಂತ ಕೆಳಗೆ, ಮೈನಸ್ ಶೇ 0.25 ಇತ್ತು, 2025ರ ಜನವರಿಯಿಂದ ಶೇ 0.5. ಈ ಶೇ 0.5ರಲ್ಲಿ 44 ವರ್ಷದ ಆರೈಕೆಗೆ ಲೆಕ್ಕ ಹಾಕಿದರೆ ಗುಣಕ ಸುಮಾರು 39 ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು, 2005ರಿಂದ ಅಲ್ಲಿನ ಕೋರ್ಟು ಇಡಿಗಂಟಿನ ಬದಲು ವರ್ಷವರ್ಷವೂ ಹಣ ಕೊಡುವಂತೆ ಪ್ರತಿವಾದಿಗೆ ಆದೇಶ ಮಾಡಬಹುದು, ಮತ್ತು 2008ರ ಮೇಲ್ಮನವಿ ನ್ಯಾಯಾಲಯದ ತೀರ್ಪಿನ ನಂತರ ಆ ಮೊತ್ತ ಆರೈಕೆ ಕೆಲಸಗಾರರ ಸಂಬಳದ ಸೂಚ್ಯಂಕದ ಜೊತೆಗೇ ಏರುತ್ತದೆ. ಮಗು ಎಷ್ಟು ವರ್ಷ ಬದುಕುತ್ತದೋ ಅಷ್ಟು ವರ್ಷ. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. ಅಂತಿಮ ಆದೇಶವಾದ ಮೇಲೆ ಮುಂದಿನ ಖರ್ಚಿಗೆಂದು ಮತ್ತೆ ಆದೇಶ ಮಾಡಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ನಾಗಪ್ಪ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪು ಇನ್ನೊಂದು ಒಳ್ಳೆಯ ಮಾತನ್ನೂ ಹೇಳಿತ್ತು: ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ, ಕೊಡುವುದು ನ್ಯಾಯಯುತ ಪರಿಹಾರವಾಗಿರಬೇಕು. ಅಂತೂ ಒಂದೇ ಸಲ ಕೇಳಬೇಕು, ಎಲ್ಲವನ್ನೂ ಕೇಳಬೇಕು.

ಉಳಿದ ಬಾಬ್ತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋವು ಯಾತನೆಗೆ ಕೊಟ್ಟ 15 ಲಕ್ಷ ರೂಢಿಯನ್ನು ಮೀರಿದ್ದು. 2013ರ ಮಲ್ಲಿಕಾರ್ಜುನ ತೀರ್ಪಿನಲ್ಲಿ ಶೇ 90ಕ್ಕಿಂತ ಹೆಚ್ಚು ಅಂಗವೈಕಲ್ಯದ ಮಕ್ಕಳಿಗೆ 6 ಲಕ್ಷ ಎಂದಿತ್ತು. ಈ ಮಗುವಿನ ಸ್ಥಿತಿ ಆ ಮಾಮೂಲಿ ಅಳತೆಗೆ ಸಿಗುವಂಥದ್ದಲ್ಲ ಎಂದು ಪೀಠ ಹೇಳಿತು. ಮುಂದಿನ ವೈದ್ಯಕೀಯ ಖರ್ಚಿಗೆ ಕೊಟ್ಟ 5 ಲಕ್ಷ ಮಾತ್ರ ನನ್ನನ್ನು ಕಾಡುತ್ತದೆ. ಇದಕ್ಕೆ ಸಾಕ್ಷ್ಯವಿಲ್ಲ, ಇರಲು ಸಾಧ್ಯವೂ ಇಲ್ಲ ಎಂದು ಪೀಠ ಒಪ್ಪಿಕೊಂಡಿದೆ. ವಿಶೇಷ ಹಾಸಿಗೆ ಬೇಕು, ಅದನ್ನು ಆಗಾಗ ಬದಲಿಸಬೇಕು ಎಂದೂ ಹೇಳಿದೆ. ಮಗು ಇನ್ನೂ 50–60 ವರ್ಷ ಬದುಕಬಹುದು ಎಂದೂ ಊಹಿಸಿದೆ. 5 ಲಕ್ಷವನ್ನು 55 ವರ್ಷಕ್ಕೆ ಹಂಚಿದರೆ ತಿಂಗಳಿಗೆ 760 ರೂಪಾಯಿಯೂ ಬರುವುದಿಲ್ಲ. ಇಲ್ಲಿ ಗುಣಕವೂ ಇಲ್ಲ, ಮೂಲ ಅಂಕಿಯೂ ಇಲ್ಲ. ಸಾಕ್ಷ್ಯ ಇರಲು ಸಾಧ್ಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಾಳಿಹಾಸಿಗೆ ಎಷ್ಟು ತಿಂಗಳು ಬಾಳುತ್ತದೆ, ದಿನಕ್ಕೆ ಎಷ್ಟು ಡಯಾಪರ್, ಫಿಸಿಯೋಥೆರಪಿ ವಾರಕ್ಕೆ ಎಷ್ಟು ಸಲ, ಅಪಸ್ಮಾರದ ಮಾತ್ರೆ ಬೇಕೇ, ಇವನ್ನೆಲ್ಲ ಚಿಕಿತ್ಸೆ ಕೊಡುವ ವೈದ್ಯರೂ ಫಿಸಿಯೋಥೆರಪಿಸ್ಟರೂ ಅರ್ಧ ಗಂಟೆಯ ಸಾಕ್ಷ್ಯದಲ್ಲಿ ಹೇಳಬಲ್ಲರು. ಬೆಲೆಗೆ ಅಂಗಡಿಯ ಬಿಲ್ಲು ಸಾಕು. ಆರೈಕೆಯ ಬಾಬ್ತಿಗೆ ಒಂದು ಅಧಿಸೂಚನೆ ಮಾಡಿದ ಕೆಲಸವನ್ನು ಇಲ್ಲಿ ಆ ಬಿಲ್ಲುಗಳು ಮಾಡುತ್ತಿದ್ದವು.

ಈ ತೀರ್ಪಿನ ದಾರಿಯಲ್ಲಿ ಆಮೇಲೆ ಬೇರೆ ಮಕ್ಕಳೂ ನಡೆದರು. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಐದು ವರ್ಷದ ಹುಡುಗನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ನ್ಯಾಯಮಂಡಳಿ 18,24,000 ಕೊಟ್ಟಿತ್ತು, ಹೈಕೋರ್ಟ್ ಅದನ್ನು 13,46,805ಕ್ಕೆ ಇಳಿಸಿತ್ತು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 49,93,000 ಮಾಡಿತು. 2024ರ ಡಿಸೆಂಬರ್‌ನಲ್ಲಿ ದೆಹಲಿಯ ಹುಡುಗಿಯೊಬ್ಬಳಿಗೆ 50,87,000. ಕೆಳಗೆ ಕೊಟ್ಟದ್ದಕ್ಕೂ ಮೇಲೆ ಸಿಕ್ಕಿದ್ದಕ್ಕೂ ಇರುವ ಅಂತರ ನೋಡಿದರೆ, ದೆಹಲಿಯವರೆಗೆ ಹೋಗಲಾರದ ಮನೆಗಳ ಮಕ್ಕಳ ಲೆಕ್ಕ ಏನಾಗಿದೆಯೋ ಎಂದು ದಿಗಿಲಾಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪು ಕೊನೆಗೂ ಆ ಕಾಗದದ ಬಳಿಗೇ ಬಂತು. ಮಗುವಿನ ಆದಾಯವನ್ನು ಆಯಾ ರಾಜ್ಯದ ಕುಶಲ ಕೆಲಸಗಾರರ ಕನಿಷ್ಠ ವೇತನದಂತೆಯೇ ಹಿಡಿಯಬೇಕು, ಅರ್ಜಿದಾರರು ಅಧಿಸೂಚನೆಯನ್ನು ಹಾಜರುಪಡಿಸದಿದ್ದರೆ ಅದನ್ನು ನ್ಯಾಯಮಂಡಳಿಗೆ ಒದಗಿಸುವ ಹೊಣೆ ವಿಮಾ ಕಂಪನಿಯದು ಎಂದು ಅದು ಹೇಳಿತು. ಆ ಸೂಚನೆ ಇರುವುದು ಮಗು ದುಡಿಯಬಹುದಾಗಿದ್ದ ಆದಾಯದ ಬಗ್ಗೆ. ಆದರೂ ಕಾಗದ ದಾಖಲೆಯಲ್ಲಿ ಕೂತ ಮೇಲೆ ಆರೈಕೆಯ ಬಾಬ್ತಿಗೂ ಅದನ್ನೇ ತೋರಿಸಿ, ಎಷ್ಟು ಜನ, ಎಷ್ಟು ಗಂಟೆ ಎಂದು ವಾದಿಸಲು ಅರ್ಜಿದಾರರ ವಕೀಲರನ್ನು ಯಾರೂ ತಡೆಯುವುದಿಲ್ಲ.